ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದ್ದೇವೆ, ಮೊಬೈಲಿಗೆ ಹಾಕಿದ್ದೇವೆಯೇ?

(ರಾಯಚೂರಿನ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ಎಷ್ಟು ಯುದ್ಧಗಳು ನಡೆದವು! ವಿಜಯನಗರದವರು ಬಂದರು, ಬಹಮನಿಗಳು ಬಂದರು, ಆದಿಲಶಾಹಿಗಳು ಬಂದರು. ಇಂದಿನ ದಾಳಿಕೋರನಿಗೆ ಕುದುರೆ ಬೇಡ, ಕೋಟೆ ಹತ್ತಲು ಏಣಿ ಬೇಡ. ಒಂದು ಫೋನ್ ಕರೆ ಸಾಕು. ದೇವದುರ್ಗದ ಕಿರಾಣಿ ಅಂಗಡಿ, ಮಾನ್ವಿಯ ಅಕ್ಕಿ ಗಿರಣಿ, ನಮ್ಮ ಗಂಜಿನ ದಲಾಲಿ ಅಂಗಡಿ, ಎಲ್ಲವೂ ಅವನ ಕೈಯಳತೆಯಲ್ಲೇ ಇವೆ.

ನಿಮ್ಮ ಅಜ್ಜನ ಕಾಲ ನೆನೆಯಿರಿ. 1948ರವರೆಗೆ ಇಲ್ಲಿ ನಿಜಾಮನ ಆಳ್ವಿಕೆ. ಕಚೇರಿಯ ಭಾಷೆ ಉರ್ದು. ಕನ್ನಡದ ರೈತ ತಾನು ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ಉರ್ದು ಆಡುವ ನೆರೆಯವನ ಮೇಲೆ ನಮಗೆ ಸಿಟ್ಟಿಲ್ಲ. ಓದಲು ಬಾರದ್ದಕ್ಕೆ ಒಪ್ಪಿಗೆ ಪಡೆಯುವ ಆ ಪದ್ಧತಿಯ ಮೇಲೆ ಸಿಟ್ಟು. ಇಂದು ನಿಮ್ಮ ಅಪ್ಪ ಮೊಬೈಲಿನಲ್ಲಿ ಇಂಗ್ಲಿಷಿನ ಸಂದೇಶ ನೋಡಿ, ಅರ್ಥವಾಗದೆ, 'ಓಕೆ' ಒತ್ತುತ್ತಾನಲ್ಲ, ಅದೂ ಹೆಬ್ಬೆಟ್ಟೇ ಅಲ್ಲವೇ?

ಯುಪಿಐ ಬಂದದ್ದು 2016ರಲ್ಲಿ. ಇಂದು ಮಿರ್ಚಿ ಬಂಡಿಯ ಮೇಲೂ ಅದರ ಚೌಕುಳಿ ಚೀಟಿ ಅಂಟಿದೆ. ಒಳ್ಳೆಯದೇ. ಆದರೆ ಆ ಅಣ್ಣನಿಗೆ ಕಲಿಸಿದವರು ಯಾರು? ಚೀಟಿ ಅಂಟಿಸಿದವನು ಅಂಟಿಸಿ ಹೋದ. ಮೋಸಗಾರ ಮಾತ್ರ ಬಿಡುವು ಮಾಡಿಕೊಂಡು, ಸಕ್ಕರೆಯಂಥ ಮಾತಿನಲ್ಲಿ ಕಲಿಸುತ್ತಾನೆ: "ಕಾಕಾ, ನಿಮ್ಮ ಖಾತೆಗೆ ರೊಕ್ಕ ಬರಬೇಕಂದ್ರ ಪಿನ್ ಒತ್ರಿ!"

ಗೆಳೆಯರೇ, ಇದನ್ನು ಊರೂರಿಗೆ ಸಾರಿರಿ: ರೊಕ್ಕ ಪಡೆಯಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ರೊಕ್ಕ ಹೋಗುತ್ತದೆ, ಬರುವುದಿಲ್ಲ. ಈ ಒಂದೇ ಮಾತು ತಿಳಿದಿದ್ದರೆ ಎಷ್ಟೋ ಮನೆಗಳ ಗಂಟು ಉಳಿಯುತ್ತದೆ.

ಇನ್ನೂ ಕೆಲವನ್ನು ಬರೆದುಕೊಳ್ಳಿ. ಗಿರಾಕಿ ತೋರಿಸುವ ಪಾವತಿಯ ಚಿತ್ರ ನಂಬಬೇಡಿ, ನಿಮ್ಮ ಖಾತೆಗೆ ಬಂತೇ ನೋಡಿ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಆ ಚೌಕುಳಿ ಚೀಟಿಯ ಮೇಲೆ ಬೇರೆಯವರ ಚೀಟಿ ಅಂಟಿದೆಯೇ ಪರೀಕ್ಷಿಸಿ. ಮದುವೆ ಕರೆಯೋಲೆ, ದಂಡದ ನೋಟಿಸು, ಬ್ಯಾಂಕಿನ ತಿದ್ದುಪಡಿ ಎಂದು ವಾಟ್ಸ್ಆ್ಯಪಿನಲ್ಲಿ 'ಎಪಿಕೆ' ಎಂಬ ಬಾಲವಿರುವ ಕಡತ ಬಂದರೆ ಮುಟ್ಟಬೇಡಿ. ಅದು ಒಳಹೊಕ್ಕು ಬ್ಯಾಂಕಿನಿಂದ ಬರುವ ಒಟಿಪಿಯನ್ನೇ ಕದಿಯಬಲ್ಲದು. ಹತ್ತಿ ಕೊಂಡ ವ್ಯಾಪಾರಿ "ನಮ್ಮ ಖಾತೆ ಬದಲಾಗಿದೆ, ಹೊಸದಕ್ಕೆ ಹಣ ಹಾಕಿ" ಎಂದು ಬರೆದರೆ, ಮೊದಲಿನಿಂದ ನಿಮ್ಮ ಬಳಿ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಗಿರಣಿಯ ಕಂಪ್ಯೂಟರಿನ ಲೆಕ್ಕವನ್ನು ವಾರಕ್ಕೊಮ್ಮೆ ಬೇರೆ ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಡಿ. ಕಿರ್ದಿ ಪುಸ್ತಕವನ್ನು ಹಿರಿಯರು ಕಾಯ್ದಂತೆ ಕಾಯಿರಿ.

ಹೆಬ್ಬೆಟ್ಟಿನ ಮಾತು ಬಂತಲ್ಲ, ಕೇಳಿ. 2023ರಲ್ಲಿ ಬೆಂಗಳೂರಿನಲ್ಲಿ ಒಂದು ಜಾಲ ಬಯಲಾಯಿತು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಜನರ ಖಾತೆಗಳಿಗೆ ಕನ್ನ ಹಾಕಿದ್ದರು. ಇದಕ್ಕೆ ಬೀಗವಿದೆ. ಆಧಾರ್ ಆ್ಯಪಿನಲ್ಲಿ ಬೆರಳಚ್ಚನ್ನು ಲಾಕ್ ಮಾಡಬಹುದು, ಬೇಕಾದಾಗ ತೆರೆಯಬಹುದು. ಕಾಸಿನ ಖರ್ಚಿಲ್ಲ. ನಿಮ್ಮ ಮನೆಯಲ್ಲಿ ಎಷ್ಟು ಜನರದು ಲಾಕ್ ಆಗಿದೆ?

ಅಕ್ಷರದ ಬೆಲೆ ಗೊತ್ತೇ? 2016ರ ಫೆಬ್ರವರಿಯಲ್ಲಿ ಕಳ್ಳರು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಂಪ್ಯೂಟರಿಗೇ ನುಗ್ಗಿ 8.1 ಕೋಟಿ ಡಾಲರ್ ಹೊಡೆದರು. ಶ್ರೀಲಂಕಾಕ್ಕೆ ಕಳಿಸಿದ ಇನ್ನೂ 2 ಕೋಟಿ ಡಾಲರ್ ಉಳಿಯಿತು. ಹೇಗೆ? 'ಫೌಂಡೇಶನ್' ಎಂಬ ಪದವನ್ನು ಕಳ್ಳರು ತಪ್ಪಾಗಿ ಬರೆದಿದ್ದರು. ನಡುವಿನ ಬ್ಯಾಂಕಿನವರಿಗೆ ಸಂಶಯ ಬಂತು. ಓದಿದ್ದು ಅರ್ಥವಾಗುವವನಿಗೇ ತಪ್ಪು ಕಾಣುತ್ತದೆ. ಅರ್ಥವಾಗದ ಭಾಷೆಯಲ್ಲಿ ಎಚ್ಚರಿಕೆ ಕೊಟ್ಟರೆ ಕುರುಡನಿಗೆ ಕನ್ನಡಿ ಕೊಟ್ಟ ಹಾಗೆ. ಅದಕ್ಕೇ ನಾವು ಹೇಳುವುದು: ಅಂಗಡಿಕಾರನಿಗೆ ಕನ್ನಡವೇ ಮೊದಲ ಬೀಗ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ತೆರೆದದ್ದು ನಮ್ಮ ಬೆಂಗಳೂರಿನಲ್ಲೇ. 2024ರ ಆಗಸ್ಟ್ 1ರಂದು ರಾಜ್ಯ ತನ್ನ ಸೈಬರ್ ಭದ್ರತಾ ನೀತಿಯನ್ನು ಹೊರತಂದಿತು. ಆಗಲೇ ಸಿಸ್ಕೊ ಕಂಪನಿಯ ಜೊತೆ 40,000 ಜನರಿಗೆ ತರಬೇತಿ ಕೊಡುವ ಒಪ್ಪಂದವಾಯಿತು. ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಸಂತೋಷ! ಆದರೆ ಆ 40,000ದಲ್ಲಿ ದೇವದುರ್ಗದ ಪಾಲೆಷ್ಟು? ಮಾನ್ವಿಯ ಪಾಲೆಷ್ಟು? ಪಾಠ ಯಾವ ಭಾಷೆಯಲ್ಲಿ? 371ಜೆ ಕಲಂ ಪಡೆದ ನಾಡಿನ ಮಕ್ಕಳು ನೀವು. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಕನ್ನಡದಲ್ಲೇ ಅರ್ಜಿ ಕೊಟ್ಟು ಕೇಳಿ. 2019ರಲ್ಲಿ ಶುರುವಾದ ಐಐಐಟಿ ನಮ್ಮ ಊರಿನಲ್ಲೇ ಇದೆ. ಅಲ್ಲಿ ಕಲಿಯುವವರನ್ನು ಗಂಜಿಗೆ ಕರೆತನ್ನಿ. ಗಂಜಿನವರ ಕಷ್ಟ ಅವರೂ ಕಣ್ಣಾರೆ ನೋಡಲಿ.

ಇಷ್ಟಾದರೂ ಮೋಸ ನಡೆದರೆ? ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿ ಕೂಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಕಳ್ಳ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುವ ಮೊದಲೇ ಅದನ್ನು ತಡೆಹಿಡಿಸಬಹುದು. ತಡಮಾಡಿದಷ್ಟೂ ಅವನಿಗೆ ಲಾಭ. ಬ್ಯಾಂಕಿಗೂ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿ, 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆ ಇಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈನಲ್ಲೇ ಸುತ್ತೋಲೆ ಹೊರಡಿಸಿತು. "ಇದು ನಮ್ಮ ಠಾಣೆಗೆ ಸೇರಿಲ್ಲ" ಎಂದು ಯಾರಾದರೂ ಅಟ್ಟಿದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ತೋರಿಸಿ. ಅಪರಾಧ ಎಲ್ಲೇ ನಡೆದಿರಲಿ, ದೂರು ಪಡೆಯಲೇಬೇಕು.

ಮಿತ್ರರೇ, ಭಾಷಣ ಕೇಳಿ ಚಪ್ಪಾಳೆ ತಟ್ಟುವುದು ಸುಲಭ. ಇಂದು ರಾತ್ರಿ ಒಂದು ಕೆಲಸ ಮಾಡಿ. ಅಪ್ಪನ, ಅವ್ವನ ಮೊಬೈಲ್ ತೆಗೆದುಕೊಂಡು ಪಾವತಿ ಆ್ಯಪಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಸೌಲಭ್ಯ ಇದೆ, ಬಳಸುವವರಿಲ್ಲ. ಬರುವ ಭಾನುವಾರ ನಿಮ್ಮ ಓಣಿಯ ಹತ್ತು ಅಂಗಡಿ ಹತ್ತಿ, ಪಿನ್ನಿನ ಮಾತನ್ನೂ 1930ನ್ನೂ ಕನ್ನಡದಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿ. ಹತ್ತು ಜನ ಹೊರಟರೆ ನೂರು ಅಂಗಡಿ. ನಾಡು ಕಾಯುವುದೆಂದರೆ ಗಡಿಯಲ್ಲಿ ನಿಂತು ಕೂಗುವುದಷ್ಟೇ ಅಲ್ಲ, ಬಡವನ ದುಡಿಮೆಯ ರೊಕ್ಕ ಕಾಯುವುದೂ ಹೌದು.

ಸಿರಿಗನ್ನಡಂ ಗೆಲ್ಗೆ!