ಸ್ಟೇಷನ್ ಎದುರಿನ ಛತ್ರ



ಮುಸಾಫಿರಖಾನೆ, ಧರ್ಮಶಾಲೆ, ಛತ್ರ ಯಾವುದೇ ಇರಲಿ, ದಾರಿಹೋಕರು ತಂಗುವ ಜಾಗ ಕಂಡರೆ ನನಗೆ ಒಳಗೆ ಹೋಗಿ ನೋಡಲೇಬೇಕು. ಎಷ್ಟು ನೋಡಿದರೂ ಮನಸ್ಸು ನಿಂತದ್ದು ಬೆಂಗಳೂರಿನ ಗುಬ್ಬಿ ತೋಟದಪ್ಪನವರ ಛತ್ರದಲ್ಲೇ.

ಭಾಲ್ಕಿ ತಾಲೂಕಿನ ಮೆಹಕರದವರಿಗೆ ಬೆಂಗಳೂರಿನ ಛತ್ರದ ಉಸಾಬರಿ ಯಾಕೆ ಅಂತೀರಿ? 1956ರ ನವೆಂಬರ್ 1ರವರೆಗೆ ನಮಗೆ ರಾಜಧಾನಿ ಅಂದರೆ ಹೈದರಾಬಾದ್, ಪಕ್ಕದ ಮನೆ ಇದ್ದಂಗೆ. ಅಂದಿನಿಂದ ರಾಜಧಾನಿ ಬೆಂಗಳೂರಾಗಿ, ಸುಮಾರು 700 ಕಿಲೋಮೀಟರ್ ದೂರ ಹೋಯಿತು. ಆಗ ಹೈಕೋರ್ಟು, ಸರ್ಕಾರಿ ಕಚೇರಿ, ಎಲ್ಲಾ ಅಲ್ಲೇ ಇದ್ದವು. ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಗಂಟು, ಕಂಕುಳಲ್ಲಿ ಹೊಲದ ಕಾಗದಪತ್ರ. ರೈಲು ಇಳಿದವರಿಗೆ ಮೊದಲ ಚಿಂತೆ, ರಾತ್ರಿ ಮಲಗೋದೆಲ್ಲಿ? ಆ ಚಿಂತೆಯನ್ನು ತೋಟದಪ್ಪನವರು ಅರ್ಧ ಶತಮಾನ ಮುಂಚೆಯೇ ತಮ್ಮ ತಲೆಗೆ ಹಚ್ಚಿಕೊಂಡಿದ್ದರು.

1838ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದವರು. ಮಕ್ಕಳಿರಲಿಲ್ಲ. 1897ರಲ್ಲಿ ರೈಲ್ವೆ ಸ್ಟೇಷನ್ ಹತ್ತಿರ 10,000 ರೂಪಾಯಿ ಕೊಟ್ಟು ಜಾಗ ಹಿಡಿದರು. ಆ ಕಾಲದ ಹತ್ತು ಸಾವಿರ! ಅವರ ಜಾಣತನ ನನಗೆ ಕಾಣೋದು ಇಲ್ಲಿ. ಛತ್ರ ಅಂದರೆ ಗುಡಿ ಬಳಿ, ಯಾತ್ರಿಕರಿಗೆ ಅನ್ನುವ ರೂಢಿ ಇದ್ದ ಕಾಲ. ಇನ್ನು ಮುಂದೆ ಜನ ರೈಲಿನಲ್ಲಿ ಬರ್ತಾರೆ, ಬರೀ ದೇವರಿಗಲ್ಲ, ಹೊಟ್ಟೆಪಾಡಿಗೆ, ಓದಿಗೆ ಬರ್ತಾರೆ ಅಂತ ಅವರು ಕಂಡುಕೊಂಡರು. ಧರ್ಮಾಂಬುಧಿ ಕೆರೆಯ ಮಗ್ಗುಲಲ್ಲಿ ಛತ್ರ ಎದ್ದಿತು. ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಆ ಕೆರೆಯಂಗಳದಲ್ಲೇ. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಕಾರಿನವರಿಗಾಗಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಮೋಟೆಲ್ ತೆರೆದದ್ದು 1925ರಲ್ಲಿ. ಗಂಟು ಹೊತ್ತು ರೈಲಿಳಿದು ಬರುವವರಿಗೆ ನಮ್ಮಲ್ಲಿ ಅದಕ್ಕೂ ಮುಂಚೆ ಬಾಗಿಲು ತೆರೆದಿತ್ತು.

ವಿದ್ಯಾರ್ಥಿಗಳಿಗೂ ಅವರು ಉಚಿತ ನಿಲಯ ಮಾಡಿದರು. ಮಹಾರಾಜರು ‘ಧರ್ಮಪ್ರವರ್ತ’ ಬಿರುದು ಕೊಟ್ಟರು. ಆಸ್ತಿಯನ್ನೆಲ್ಲ ಧರ್ಮಕ್ಕೆ ಬರೆದಿಟ್ಟು, ಕೆ.ಪಿ. ಪುಟ್ಟಣ್ಣ ಚೆಟ್ಟಿ ಅವರಂಥ ಗಟ್ಟಿ ಆಡಳಿತಗಾರರ ಕೈಗೊಪ್ಪಿಸಿ, 1910ರಲ್ಲಿ ತೀರಿಕೊಂಡರು.

ಆಮೇಲೆ ಸುತ್ತ ಲಾಡ್ಜುಗಳು ಕಿಕ್ಕಿರಿದವು, ಕೆರೆ ಹೋಯಿತು, ಛತ್ರಕ್ಕೂ ವಯಸ್ಸಾಯಿತು. 2005ರಲ್ಲಿ ನವೀಕರಣವಾಗಿ ಮತ್ತೆ ಜೀವ ಬಂತು. ಮೆಜೆಸ್ಟಿಕ್‌ನಂಥ ಜಾಗದಲ್ಲಿ ಇಂದು ಒಂದೊಂದು ಅಡಿಗೂ ಬಂಗಾರದ ಬೆಲೆ. ಅಲ್ಲಿ ಮಾಲ್ ಏಳದೆ ಛತ್ರವೇ ಉಳಿದದ್ದು ನನ್ನ ಪಾಲಿಗೆ ಬಲು ದೊಡ್ಡ ಮಾತು. ಧರ್ಮಾಂಬುಧಿಯನ್ನು ಹಾಗೆ ಉಳಿಸಿಕೊಳ್ಳಲಿಲ್ಲವಲ್ಲ ಅನ್ನುವ ಸಂಕಟ ಮಾತ್ರ ಹೋಗೋದಿಲ್ಲ.

ಮುಂದಿನ ಸಲ ಬೆಂಗಳೂರಿಗೆ ಹೋದಾಗ ಸ್ಟೇಷನ್ ಮುಂದಿನ ರಸ್ತೆಯ ಫಲಕ ಓದಿ. ಅದೂ ಗುಬ್ಬಿ ತೋಟದಪ್ಪನವರ ಹೆಸರಿನದೇ.