ಗುಡಿ ನೋಡುವ ಕಣ್ಣು

(ಹಿರೀಸಾವೆಯಲ್ಲಿ ಕಾರ್ತಿಕ ಮಾಸದ ಒಂದು ಸಂಜೆ ನೀಡಿದ ಆಶೀರ್ವಚನ)



ನಿನ್ನೆಯ ದಿನವನ್ನೆಲ್ಲ ನಾವು ನಿಮ್ಮ ಸೀಮೆಯ ಗುಡಿ ಬೆಟ್ಟಗಳನ್ನು ನೋಡುವುದರಲ್ಲಿ ಕಳೆದೆವು. ಬೆಳಗಿನ ಪೂಜೆ ಮುಗಿಸಿ ಹಿರೀಸಾವೆಯಿಂದ ಹೊರಟಾಗ ಹೊಲಗಳಲ್ಲಿ ರಾಗಿ ತೆನೆ ಬಾಗಿತ್ತು. ತೆಂಗಿನ ತೋಟಗಳ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಪಕ್ಕದ ಹಳ್ಳಿಯ ನಾಲ್ಕಾರು ಹಿರಿಯರೂ ಜೊತೆಗಿದ್ದರು. ಅವರು ಬಂದದ್ದು ಬರಿಯ ಪ್ರವಾಸಕ್ಕಲ್ಲ. “ಬುದ್ಧೀ, ನಮ್ಮೂರ ಹಳೇ ಕಲ್ಲುಗುಡಿ ಸೋರ್ತಾ ಇದೆ. ಕೆಡವಿ ಸಿಮೆಂಟಿನಲ್ಲಿ ದೊಡ್ಡದಾಗಿ ಕಟ್ಟೋಣ ಅಂತಿದ್ದೀವಿ. ಅಡಿಗಲ್ಲು ತಾವೇ ಇಡಬೇಕು” ಎಂದರು. “ಮೊದಲು ನೋಡಿ ಬರೋಣ, ಆಮೇಲೆ ಮಾತು” ಎಂದೆವು.

ಶ್ರವಣಬೆಳಗೊಳದಲ್ಲಿ ದೊಡ್ಡಬೆಟ್ಟವನ್ನು ಬರಿಗಾಲಿನಲ್ಲಿ ಹತ್ತಿದೆವು. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಗಂಗರ ಮಂತ್ರಿ ಚಾವುಂಡರಾಯನು 981ರಲ್ಲಿ ನಿಲ್ಲಿಸಿದ ಗೊಮ್ಮಟ ಸುಮಾರು 58 ಅಡಿ ಎತ್ತರ. ಸಾವಿರ ವರ್ಷದ ಮಳೆ ಬಿಸಿಲು ಆ ಮುಖದ ನಗೆಯನ್ನು ಅಳಿಸಿಲ್ಲ. ಅಲ್ಲಿಂದ ಕೆಳಗೆ ನೋಡಿದರೆ ಎರಡು ಬೆಟ್ಟಗಳ ನಡುವೆ ಕಲ್ಯಾಣಿ, ಎದುರಿಗೆ ಚಂದ್ರಗಿರಿ, ಅದರಾಚೆ ಕೆರೆ, ತೋಟ, ಹೊಲ.

ಗುಳ್ಳಕಾಯಜ್ಜಿಯ ಕಥೆ ನಿಮಗೆ ಗೊತ್ತು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪೂರ್ತಿಯಾಗಲಿಲ್ಲ. ಮುದುಕಿಯೊಬ್ಬಳು ತಂದ ಗುಳ್ಳಕಾಯಿಯಷ್ಟು ಹಾಲಿನಿಂದ ಮೂರ್ತಿಯೆಲ್ಲ ನೆನೆಯಿತಂತೆ. ಅಷ್ಟು ದೊಡ್ಡ ವಿಗ್ರಹದ ಎದುರಿಗೆ ಆ ಅಜ್ಜಿಯ ಮೂರ್ತಿಯನ್ನೂ ನಿಲ್ಲಿಸಿದ್ದಾರೆ. ದೊಡ್ಡದು ಕಟ್ಟಿದವನ ಅಹಂಕಾರಕ್ಕೆ ಮದ್ದು ಅಲ್ಲೇ ನಿಂತಿದೆ ನೋಡಿ!

ಮಧ್ಯಾಹ್ನ ನುಗ್ಗೇಹಳ್ಳಿಗೆ ಹೋದೆವು. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ಹತ್ತಿರವೇ ಸದಾಶಿವನ ಗುಡಿಯೂ ಇದೆ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಅಲ್ಲಿಯ ಮೂರ್ತಿಗಳ ಕೆಳಗೆ ಇವೆ. ಈಗ ನಾವು ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆಸುತ್ತೇವೆ. ಬೆಳಕಿಗಿಂತ ಹೆಸರೇ ದೊಡ್ಡದಾಗಿರುತ್ತದೆ. ಅವರು ಹೆಸರು ಬರೆದದ್ದು ತಾವು ದುಡಿದ ಕಲ್ಲಿನ ಮೇಲೆ.

ಅಲ್ಲಿ ಒಬ್ಬ ಹಿರಿಯರು ಕೇಳಿದರು: “ಬುದ್ಧೀ, ಜಪಾನಿನಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ಗುಡೀನೇ ಬಿಚ್ಚಿ ಕಟ್ತಾರಂತಲ್ಲ? ನಾವು ಒಂದು ಸಲ ಕೆಡವಿದರೆ ತಪ್ಪೇನು?”

ಪ್ರಶ್ನೆ ಒಳ್ಳೆಯದು. ಆ ಊರು ಈಸೆ. ನಾವೂ ಅಲ್ಲಿ ಒಂದು ದಿನ ಕಳೆದಿದ್ದೇವೆ. ಸೇತುವೆ ದಾಟಿ ಮುಗಿಲು ಮುಟ್ಟುವ ಮರಗಳ ನಡುವೆ ನಡೆಯಬೇಕು. ಇಸುಜು ಹೊಳೆಯಲ್ಲಿ ಕೈ ತೊಳೆದು ಸೂರ್ಯದೇವತೆಯ ಸನ್ನಿಧಿಗೆ ಹೋಗಬೇಕು. ಸಾವಿರಾರು ಜನರಿದ್ದರೂ ಗದ್ದಲವಿಲ್ಲ, ನೆಲದ ಮೇಲೆ ಒಂದು ಕಾಗದದ ಚೂರಿಲ್ಲ. 690ರಲ್ಲಿ ಆರಂಭವಾದ ಪುನರ್ನಿರ್ಮಾಣ, ಯುದ್ಧಕಾಲದಲ್ಲಿ ನಿಂತುಹೋದರೂ ಮತ್ತೆ ಮುಂದುವರಿದು, 2013ರಲ್ಲಿ 62ನೆಯ ಸಲ ನಡೆಯಿತು, ಮುಂದಿನದು 2033ಕ್ಕೆ.

ಆದರೆ ಅವರು ಮಾಡುವುದೇನು? ಪಕ್ಕದ ನಿವೇಶನದಲ್ಲಿ ಅದೇ ಅಳತೆ, ಅದೇ ಜಾತಿಯ ಮರ, ಅದೇ ಕೈಕೆಲಸ. ಹಳೆಯ ತೊಲೆಗಳು ಬೇರೆ ಗುಡಿಗಳಿಗೆ ಹೋಗುತ್ತವೆ. ಮುಂದಿನವರಿಗೆ ಮರ ಬೇಕೆಂದು ನೂರು ವರ್ಷಗಳ ಹಿಂದೆಯೇ ಕಾಡು ಬೆಳೆಸತೊಡಗಿದ್ದಾರೆ. ಇಪ್ಪತ್ತು ವರ್ಷಕ್ಕೊಮ್ಮೆ ಕಟ್ಟುವುದರಿಂದ ಹಿರಿಯ ಬಡಗಿಯ ವಿದ್ಯೆ ಕಿರಿಯನ ಕೈಗೆ ಬರುತ್ತದೆ. ಅವರದು ಕೆಡವುವ ಪದ್ಧತಿಯಲ್ಲ, ಕಾಯಕವನ್ನು ದಾಟಿಸುವ ಪದ್ಧತಿ. ನಾವು ಕೆಡವಿದರೆ ಆ ಕಂಬ ಕಡೆಯುವ ಕೈ ನಮ್ಮೂರಲ್ಲಿ ಇದೆಯೇ? ಆ ಹಿರಿಯರು ಸುಮ್ಮನಾದರು.

ಈ ಮಾತು ಹೇಳುವುದಕ್ಕೆ ನಮಗೇನು ಅಧಿಕಾರ ಎಂದು ನೀವು ಕೇಳಬಹುದು. ನಮ್ಮ ಮಠದ ಹಳೆಯ ಕಲ್ಲಿನ ಹೆಬ್ಬಾಗಿಲನ್ನು ನಾವೇ ನಿಂತು ಕೆಡವಿಸಿದೆವು. ವಾಹನ ಒಳಗೆ ಬರಬೇಕೆಂಬ ನೆಪ. ಸಿಮೆಂಟಿನ ಕಮಾನು ಎದ್ದಿತು. ಕೆಲವೇ ವರ್ಷಗಳಲ್ಲಿ ಬಿರುಕು ಬಿಟ್ಟಿತು. ಹಳೆಯ ಬಾಗಿಲುವಾಡದ ಕಲ್ಲೊಂದು ಇಂದು ಬಟ್ಟೆ ಒಗೆಯುವ ಕಲ್ಲಾಗಿದೆ. ಅದನ್ನು ಕಂಡಾಗಲೆಲ್ಲ ತಲೆ ತಗ್ಗುತ್ತದೆ.

ಅಂಗೈಯಲ್ಲಿ ಇಷ್ಟಲಿಂಗ ಹಿಡಿದ ನಮಗೆ ಸ್ಥಾವರದ ಹಂಗೇಕೆ ಎನ್ನುವಿರಾ? ಕಲ್ಲು ದೇವರೆಂದು ನಾವು ಹೇಳುತ್ತಿಲ್ಲ. ಆ ಕಲ್ಲಿನಲ್ಲಿ ಒಬ್ಬನ ಜೀವಮಾನದ ಕಾಯಕವಿದೆ. ಕಾಯಕವನ್ನು ಪೂಜ್ಯವೆಂದು ನಂಬುವವರು ಅದನ್ನು ಜಲ್ಲಿ ಮಾಡಬಾರದು.

ಸಂಜೆ ಆ ಹಳ್ಳಿಯ ಗುಡಿಗೂ ಹೋದೆವು. ಮಾಳಿಗೆಯ ಮೇಲೆ ಅರಳಿ ಗಿಡ ಬೇರು ಬಿಟ್ಟಿದೆ, ಗಾರೆ ಸಡಿಲಿದೆ, ಸೋರುವುದು ಅಲ್ಲಿಂದ. ಕಂಬ, ತೊಲೆ ನೆಟ್ಟಗಿವೆ. ನೆಗಡಿಯಾದರೆ ಮೂಗು ಕೊಯ್ಯುತ್ತಾರೆಯೇ? ಪುರಾತತ್ವ ಇಲಾಖೆಯವರನ್ನು ಕೇಳಿ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿನವರು ಇಂಥ ಎಷ್ಟೋ ಗುಡಿಗಳನ್ನು ಉಳಿಸಿದ್ದಾರೆ, ಅವರನ್ನೂ ಕೇಳಿ.

ಅಡಿಗಲ್ಲು ಇಡಲು ನಾವು ಬರುವುದಿಲ್ಲ. ಮಾಳಿಗೆಯ ಗಿಡ ಕೀಳುವ ದಿನ ತಿಳಿಸಿ, ಖಂಡಿತ ಬರುತ್ತೇವೆ. ಗಾರೆ ಕೆಲಸಕ್ಕೆ ಮೊದಲ ಕಾಣಿಕೆ ಮಠದ್ದು. ಗುಳ್ಳಕಾಯಿಯಷ್ಟೇ ಇರಬಹುದು, ಸ್ವೀಕರಿಸಿ.