ಮುಚ್ಚುವ ಮುನ್ನ ಒಮ್ಮೆ ಒರೆಸಿ

(ವಿದ್ಯಾರ್ಥಿವೇತನ ಹಾಗೂ ಲ್ಯಾಪ್‌ಟಾಪ್ ವಿತರಣಾ ಸಭೆಯಲ್ಲಿ ಟ್ರಸ್ಟಿನ ಹಿಂದಿನ ಫಲಾನುಭವಿ, ಲ್ಯಾಪ್‌ಟಾಪ್ ರಿಪೇರಿ ಕೆಲಸದವರೊಬ್ಬರು ಮಾಡಿದ ಭಾಷಣದ ಬರಹರೂಪ)





ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಡಿಪ್ಲೊಮಾ ಓದುವಾಗ ಇದೇ ಟ್ರಸ್ಟಿನ ವಿದ್ಯಾರ್ಥಿವೇತನ ಪಡೆದವನು ನಾನು. ಆವತ್ತು ನೀವು ಕುಳಿತಿರುವ ಸಾಲಿನಲ್ಲಿಯೇ ನನ್ನ ಉಮ್ಮ ಕುಳಿತಿದ್ದರು. ಈಗ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಲ್ಯಾಪ್‌ಟಾಪ್ ಕೊಡುವ ದಿನ ಅದನ್ನು ನೋಡಿಕೊಳ್ಳುವ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಯವರು ಕೇಳಿದರು. ನಾನು ಒಂದೇ ವಿಷಯ ಆರಿಸಿಕೊಂಡಿದ್ದೇನೆ: ಸ್ಕ್ರೀನ್ ಮೇಲೆ ಬೀಳುವ ಕೀಬೋರ್ಡಿನ ಗುರುತು. ಇಷ್ಟು ಚಿಕ್ಕ ವಿಷಯಕ್ಕೆ ಒಂದು ಭಾಷಣವೇ ಎಂದು ನಿಮಗೆ ಅನಿಸಬಹುದು. ಅದಕ್ಕೇ ನನ್ನ ಅಂಗಡಿಯಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ಲ್ಯಾಪ್‌ಟಾಪನ್ನು ಹಳೆಯ ಶಾಲಿನಲ್ಲಿ ಸುತ್ತಿಕೊಂಡು ಬಂದರು. ಬೇರೆ ಗಿರಾಕಿಗಳು ಹೋಗುವ ತನಕ ಮೂಲೆಯಲ್ಲಿ ನಿಂತಿದ್ದರು. ಆಮೇಲೆ, "ಮಗಾ, ಇದು ದಾನದಲ್ಲಿ ಸಿಕ್ಕಿದ್ದು. ಮಗಳು ಸ್ಕ್ರೀನ್ ಹಾಳು ಮಾಡಿಕೊಂಡಿದ್ದಾಳೆ. ಕೊಟ್ಟವರಿಗೆ ಗೊತ್ತಾಗುವ ಮೊದಲು ಹೊಸದು ಹಾಕಿ ಕೊಡು" ಎಂದರು. ಅದಕ್ಕಾಗಿ ಬಳೆ ಅಡವಿಟ್ಟು ಹಣ ತಂದಿದ್ದರು. ಮಗಳು ಎರಡು ವಾರದಿಂದ ಲ್ಯಾಪ್‌ಟಾಪ್ ತೆರೆದಿರಲಿಲ್ಲ. ಮುಂದಿನ ವರ್ಷದ ಅರ್ಜಿಯನ್ನೂ ತುಂಬಿರಲಿಲ್ಲ. ಅರ್ಜಿ ಕೊಡಲು ಹೋದರೆ ಲ್ಯಾಪ್‌ಟಾಪ್ ತೋರಿಸು ಎನ್ನುತ್ತಾರೆಂಬ ಹೆದರಿಕೆ ಅವಳಿಗೆ.

ನಾನು ಲ್ಯಾಪ್‌ಟಾಪ್ ಆಫ್ ಮಾಡಿ, ಕಪ್ಪು ಸ್ಕ್ರೀನ್ ಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದೆ. ಸಣ್ಣ ಸಣ್ಣ ಚೌಕಗಳು ಸಾಲಾಗಿ ಕಂಡವು, ಥೇಟ್ ಕೀಬೋರ್ಡಿನ ಅಚ್ಚು. ಅದು ಬರೀ ಎಣ್ಣೆ ಜಿಡ್ಡು. ಒದ್ದೆ ಬಟ್ಟೆಯಲ್ಲಿ ಮೆಲ್ಲನೆ ಒರೆಸಿದೆ, ಐದು ನಿಮಿಷದಲ್ಲಿ ಹೋಯಿತು. ಆ ತಾಯಿಗೆ ನಂಬಿಕೆ ಬರಲಿಲ್ಲ. ಆಗಷ್ಟೇ ಒರೆಸಿದ ಸ್ಕ್ರೀನನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ನಾನು ಇನ್ನೊಮ್ಮೆ ಒರೆಸಿ ಕೊಟ್ಟೆ. ಹಣ ವಾಪಸು ತೆಗೆದುಕೊಂಡು ಹೋದರು.

ಅದೇ ವಾರ ಒಬ್ಬ ಹುಡುಗ ಬಂದ. ಅವನದ್ದೂ ಇಂಥದ್ದೇ ಗುರುತು. ಆದರೆ ಯಾರದೋ ಮಾತು ಕೇಳಿ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ್ದ. ಗುರುತಿನ ಜೊತೆ ಸ್ಕ್ರೀನಿನ ಮೇಲ್ಪದರವೂ ಹೋಗಿ, ನಡುವೆ ಮಂಜು ಕವಿದ ಹಾಗೆ ಆಗಿತ್ತು. ಅವನಿಗೆ ಹೊಸ ಸ್ಕ್ರೀನೇ ಬೇಕಾಯಿತು. ಇಬ್ಬರಿಗೂ ಲ್ಯಾಪ್‌ಟಾಪ್ ಸಿಕ್ಕಿತ್ತು. ಇದು ಯಾಕೆ ಆಗುತ್ತದೆ, ಆದರೆ ಏನು ಮಾಡಬೇಕು ಎಂದು ಹೇಳಿದವರು ಇರಲಿಲ್ಲ.

ಹಾಗಾದರೆ ಯಾಕೆ ಆಗುತ್ತದೆ? ಲ್ಯಾಪ್‌ಟಾಪ್ ಮುಚ್ಚಿದಾಗ ಕೀಬೋರ್ಡಿಗೂ ಸ್ಕ್ರೀನಿಗೂ ನಡುವೆ ಉಳಿಯುವ ಜಾಗ ಬಹಳ ಕಡಿಮೆ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಇನ್ನೂ ಕಡಿಮೆ. ಮೇಲಿನ ಮುಚ್ಚಳವೂ ತೆಳು, ಒತ್ತಿದರೆ ಬಾಗುತ್ತದೆ. ನಮ್ಮ ಬೆರಳಿನ ಬೆವರು, ಜಿಡ್ಡು, ತಲೆಗೆ ಹಚ್ಚಿದ ತೆಂಗಿನೆಣ್ಣೆ, ತಿಂದ ಪೋಡಿಯ ಎಣ್ಣೆ ಎಲ್ಲ ಕೀಗಳ ಮೇಲೆ ಕುಳಿತಿರುತ್ತದೆ. ಮುಚ್ಚಿದ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಒತ್ತಿಕೊಂಡಾಗ ಆ ಜಿಡ್ಡು ಸ್ಕ್ರೀನಿಗೆ ಹತ್ತುತ್ತದೆ. ಇಷ್ಟೇ ಆದರೆ ಒರೆಸಿದರೆ ಹೋಗುತ್ತದೆ.

ತೊಂದರೆ ಕೊಡುವುದು ಧೂಳು. ನಮ್ಮ ಊರಿನ ಕೆಂಪು ಮಣ್ಣಿನ ಧೂಳಿನಲ್ಲಿ ಮರಳಿನ ಸಣ್ಣ ಕಣಗಳಿರುತ್ತವೆ. ಸಾಧಾರಣ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೀನಿನ ಮೇಲ್ಭಾಗ ಗಾಜಲ್ಲ, ಪ್ಲಾಸ್ಟಿಕ್ಕಿನ ಪದರ. ಬಸ್ಸು ಕುಲುಕಿದಾಗಲೆಲ್ಲ ಕೀಗಳು ಆ ಕಣಗಳನ್ನು ಸ್ಕ್ರೀನಿಗೆ ಉಜ್ಜುತ್ತವೆ. ಆಗ ಬೀಳುವುದು ಗೀರು. ಗೀರನ್ನು ಯಾವ ಬಟ್ಟೆಯೂ ಒರೆಸಲಾರದು.

ಈಗ ತಡೆಯುವ ಬಗ್ಗೆ. ಮಕ್ಕಳೇ, ಇದನ್ನು ಗಮನ ಇಟ್ಟು ಕೇಳಿ.

ಮೊದಲನೆಯದು, ಮುಚ್ಚುವ ಮುನ್ನ ಕೀಬೋರ್ಡನ್ನು ಒಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಅರ್ಧ ನಿಮಿಷದ ಕೆಲಸ. ತಿಂದ ಕೈ ತೊಳೆದು ಒರೆಸಿಕೊಂಡೇ ಟೈಪ್ ಮಾಡಿ. ಮುಚ್ಚುವಾಗ ಒಳಗೆ ಪೆನ್ನು, ಪಿನ್ನು, ಪೆನ್‌ಡ್ರೈವ್ ಉಳಿದಿಲ್ಲವೇ ನೋಡಿ. ಮೂಲೆ ಹಿಡಿದು ಎಳೆಯಬೇಡಿ, ಮುಚ್ಚಳದ ನಡುಭಾಗ ಹಿಡಿದು ಮುಚ್ಚಿ.

ಎರಡನೆಯದು, ಹೊಸ ಲ್ಯಾಪ್‌ಟಾಪಿನಲ್ಲಿ ಸ್ಕ್ರೀನಿಗೂ ಕೀಬೋರ್ಡಿಗೂ ನಡುವೆ ಸಾಮಾನ್ಯವಾಗಿ ತೆಳ್ಳಗಿನ ಮೆತ್ತನೆ ಹಾಳೆಯೊಂದು ಇರುತ್ತದೆ. ಎಲ್ಲರೂ ಮೊದಲು ಎಸೆಯುವುದು ಅದನ್ನೇ. ಎಸೆಯಬೇಡಿ. ಬ್ಯಾಗಿಗೆ ಹಾಕುವಾಗ ಅದನ್ನೇ ಇಟ್ಟು ಮುಚ್ಚಿ. ಅದು ಇಲ್ಲದಿದ್ದರೆ ಕನ್ನಡಕ ಒರೆಸುವಂಥ ತೆಳು ಮೈಕ್ರೋಫೈಬರ್ ಬಟ್ಟೆ ಸಾಕು. ಅದನ್ನು ಆಗಾಗ ತೊಳೆಯಿರಿ. ಕೊಳೆ ಬಟ್ಟೆ ಇಡುವುದಕ್ಕಿಂತ ಇಡದಿರುವುದೇ ಮೇಲು. ಆದರೆ ಟವೆಲ್, ಮಡಿಸಿದ ಕರ್ಚೀಫು, ನೋಟ್‌ಬುಕ್ ಇಡಲೇಬೇಡಿ. ದಪ್ಪ ಜಾಸ್ತಿಯಾದರೆ ಸ್ಕ್ರೀನ್ ಬಿರುಕು ಬಿಡುತ್ತದೆ. 2020ರಲ್ಲಿ ಆಪಲ್ ಕಂಪನಿಯೇ ಕ್ಯಾಮೆರಾದ ಮೇಲೆ ಮುಚ್ಚಳ ಅಂಟಿಸಿ ಮ್ಯಾಕ್‌ಬುಕ್ ಮುಚ್ಚಬೇಡಿ, ಅಂಟಿಸಲೇಬೇಕಾದರೆ ಅದು ಸಾಧಾರಣ ಪ್ರಿಂಟರ್ ಕಾಗದಕ್ಕಿಂತ, ಅಂದರೆ 0.1 ಮಿಲಿಮೀಟರಿಗಿಂತ ದಪ್ಪ ಇರಬಾರದು ಎಂದು ಎಚ್ಚರಿಸಿತ್ತು. ಜಾಗ ಎಷ್ಟು ಕಡಿಮೆ ಎಂದು ಇದರಿಂದಲೇ ತಿಳಿಯಬಹುದು. ನಿಮ್ಮ ಲ್ಯಾಪ್‌ಟಾಪ್ ಯಾವುದೇ ಇರಲಿ, ಬಟ್ಟೆ ಇಟ್ಟಾಗ ಮುಚ್ಚಳ ಪೂರ್ತಿ ಕೂರದಿದ್ದರೆ ಬಟ್ಟೆ ತೆಗೆಯಿರಿ. ರಬ್ಬರಿನ ದಪ್ಪ ಕೀಬೋರ್ಡ್ ಕವರನ್ನೂ ತೆಗೆದೇ ಮುಚ್ಚಿ.

ಮೂರನೆಯದು ಬ್ಯಾಗು. ಚಾರ್ಜರ್, ಟಿಫಿನ್ ಡಬ್ಬಿ, ನೀರಿನ ಬಾಟಲಿ ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಒತ್ತುವ ಹಾಗೆ ಇಡಬೇಡಿ. ಬಸ್ಸು ತುಂಬಿದ್ದರೆ ಬ್ಯಾಗನ್ನು ಎದೆಯ ಕಡೆ ಹಾಕಿಕೊಳ್ಳಿ. ಮನೆಯಲ್ಲಿ ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಪುಸ್ತಕದ ರಾಶಿ ಹಾಕಬೇಡಿ.

ನಾಲ್ಕನೆಯದು, ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೀನಿನ ಸುತ್ತ ಸಣ್ಣ ರಬ್ಬರ್ ಗುಂಡಿಗಳೋ ಪಟ್ಟಿಯೋ ಇರುತ್ತದೆ. ಕೀಗಳು ಸ್ಕ್ರೀನಿಗೆ ತಾಗದಂತೆ ತಡೆಯುವುದು ಅದೇ. ಅದು ಉದುರಿದ್ದರೆ ಅದೇ ಎತ್ತರದ್ದನ್ನು ಹಾಕಿಸಿಕೊಳ್ಳಿ.

ಗುರುತು ಬಿದ್ದೇಬಿಟ್ಟಿತು ಅನ್ನಿ. ಮೊದಲು ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಒಣ ಮೈಕ್ರೋಫೈಬರಿನಿಂದ ಧೂಳನ್ನು ಹಗುರವಾಗಿ ತೆಗೆಯಿರಿ. ಆಮೇಲೆ ಅದೇ ತರಹದ ಶುದ್ಧ ಬಟ್ಟೆಗೆ ಡಿಸ್ಟಿಲ್ಡ್ ನೀರು ಸ್ವಲ್ಪವೇ ತಾಗಿಸಿ, ಒತ್ತದೆ ಒರೆಸಿ. ನೀರು ಬಟ್ಟೆಗೆ ಹಾಕಬೇಕು, ಸ್ಕ್ರೀನಿಗೆ ಸುರಿಯಬಾರದು. ಕಿಟಕಿ ಗಾಜು ಒರೆಸುವ ದ್ರವ, ಟೂತ್‌ಪೇಸ್ಟ್, ಸೋಪಿನ ಪುಡಿ, ಅಂಗಿಯ ತುದಿ, ಟಿಶ್ಯೂ ಪೇಪರ್ ಯಾವುದೂ ಬೇಡ. ಎರಡು ಮೂರು ಸಲ ಒರೆಸಿದರೂ ಹೋಗದಿದ್ದರೆ ಅದು ಗೀರು, ಇನ್ನು ಉಜ್ಜಬೇಡಿ. ಸ್ಕ್ರೀನ್ ಆನ್ ಇದ್ದಾಗ ಮಾತ್ರ ಬಿಳಿ ಚುಕ್ಕೆ ಕಂಡರೆ ಅದು ಒತ್ತಡದಿಂದ ಒಳಗಿನ ಪದರಕ್ಕಾದ ಪೆಟ್ಟು. ಅದೂ ಒರೆಸಿದರೆ ಹೋಗುವುದಿಲ್ಲ.

ಇನ್ನೊಂದು ಮಾತನ್ನು ತಂದೆ ತಾಯಂದಿರು ದಯವಿಟ್ಟು ನೆನಪಿಡಬೇಕು. ಇಷ್ಟು ದಿನ ಇಲ್ಲದ ಗುರುತು ಇದ್ದಕ್ಕಿದ್ದಂತೆ ಬೀಳತೊಡಗಿದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಕೀಬೋರ್ಡೋ ಟಚ್‌ಪ್ಯಾಡೋ ಉಬ್ಬಿದ ಹಾಗೆ ಕಂಡರೆ ಬ್ಯಾಟರಿ ಊದಿಕೊಂಡಿರಬಹುದು. ಅದು ಕೆಳಗಿನಿಂದ ಕೀಬೋರ್ಡನ್ನು ಮೇಲಕ್ಕೆ ತಳ್ಳುತ್ತದೆ. ಊದಿದ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿದೆ. ಆಗ ಚಾರ್ಜ್ ಮಾಡಬೇಡಿ, ಒತ್ತಿ ಮುಚ್ಚಬೇಡಿ. ಆಫ್ ಮಾಡಿ ಕೂಡಲೇ ರಿಪೇರಿಯವರಲ್ಲಿಗೆ ತನ್ನಿ. ಸ್ಕ್ರೀನಿನ ಒಂದು ಸಣ್ಣ ಗುರುತಿನಿಂದ ಮನೆಗೆ ಬರಬಹುದಾದ ದೊಡ್ಡ ಅಪಾಯ ಮೊದಲೇ ಗೊತ್ತಾಗುತ್ತದೆ.

ದಾನಿಗಳಲ್ಲಿ ಒಂದು ವಿನಂತಿ. ಲ್ಯಾಪ್‌ಟಾಪ್ ಕೊಡುವಾಗ ಒಳಗೆ ಮೆತ್ತೆ ಇರುವ ಒಂದು ಬ್ಯಾಗು, ಎರಡು ಮೈಕ್ರೋಫೈಬರ್ ಬಟ್ಟೆ ಸೇರಿಸಿ ಕೊಡಿ. ಈ ಬಟ್ಟೆಯ ಬೆಲೆ ಒಂದು ಸ್ಕ್ರೀನಿನ ಬೆಲೆಯ ಮುಂದೆ ಏನೂ ಅಲ್ಲ. ಸ್ಕ್ರೀನಿಗೆ ಹೋಗುವ ಹಣ ಇನ್ನೊಬ್ಬ ಮಗುವಿನ ಫೀಸಿಗೆ ಉಳಿಯುತ್ತದೆ. ಓದು ಮುಗಿದ ಮೇಲೆ ಅದೇ ಲ್ಯಾಪ್‌ಟಾಪ್ ತಮ್ಮನಿಗೋ ತಂಗಿಗೋ ಆಗುತ್ತದೆ.

ಮಕ್ಕಳಿಗೆ ಕೊನೆಯ ಮಾತು. ಇದು ನಿಮ್ಮ ಕೈಗೆ ಬಂದಿರುವ ಅಮಾನತ್ತು, ಜೋಪಾನ ಮಾಡಿ. ಆದರೆ ಜೋಪಾನ ಮಾಡುವುದು ಎಂದರೆ ಬಟ್ಟೆ ಸುತ್ತಿ ಕಪಾಟಿನಲ್ಲಿ ಇಡುವುದಲ್ಲ. ಓದಲಿಕ್ಕೆ ಕೊಟ್ಟದ್ದು, ದಿನವೂ ಬಳಸಿ. ಬಳಸುವಾಗ ಗುರುತು ಬಿದ್ದರೆ ಅಡಗಿಸಿಡಬೇಡಿ, ತಂದು ತೋರಿಸಿ. ಪ್ರತಿ ತಿಂಗಳ ಮೊದಲ ಭಾನುವಾರ ಅಸರ್ ನಮಾಜಿನ ನಂತರ ನಾನು ಟ್ರಸ್ಟಿನ ಕಚೇರಿಯಲ್ಲಿ ಕುಳಿತಿರುತ್ತೇನೆ. ನೋಡಿ ಕೊಡಲು ಹಣ ಬೇಡ, ಯಾರೂ ಗದರಿಸುವುದೂ ಇಲ್ಲ. ಅಧ್ಯಕ್ಷರು ಒಪ್ಪಿದ್ದಾರೆ.

ಅಂದ ಹಾಗೆ, ಆ ಹುಡುಗಿ ಅರ್ಜಿ ಕೊಟ್ಟಿದ್ದಾಳೆ. ಅದೇ ಲ್ಯಾಪ್‌ಟಾಪಿನಲ್ಲಿಯೇ ತುಂಬಿ ಕಳಿಸಿದಳಂತೆ.